ಸೇರು ಹೋಗಿ ಕಿಲೋ ಬಂದ ಬಗೆ



ಗಬ್ಬೂರಿನಂಥ ಊರಿನ ಒಕ್ಕಲಿಗನು ಎರೆಹೊಲದಲ್ಲಿ ಬೆಳೆದ ಹತ್ತಿಯನ್ನೂ ಜೋಳವನ್ನೂ ಹೇರಿಕೊಂಡು ಹುಬ್ಬಳ್ಳಿಯ ಪೇಟೆಗೆ ಬಂದನೆನ್ನಿ. ಅವನ ವರ್ಷದ ದುಡಿಮೆಗೆ ಬೆಲೆ ಕಟ್ಟುವ ಸಂಗತಿಗಳು ಎರಡು: ಒಂದು ಧಾರಣೆ, ಇನ್ನೊಂದು ತೂಕ. ಧಾರಣೆ ಏರಿಳಿಯುವುದು ಸಹಜ. ತೂಕವೇ ಊರಿಂದೂರಿಗೆ ಬದಲಾದರೆ ಅವನು ನಂಬುವುದು ಯಾರನ್ನು?

ಹಿಂದೆ ಇದ್ದುದು ಇಂಥ ಸ್ಥಿತಿಯೇ. ಹಳೆಯ ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕದ್ದು. ಪಕ್ಕಾ ಸೇರು 80 ತೊಲದ್ದು. ಮುಂಬಯಿಯ ಮಣ 28 ಪೌಂಡು. ರೈಲಿನವರ ಮಣ 82 ಪೌಂಡಿಗೂ ಮಿಗಿಲು. ಹತ್ತಿಯ ಖಂಡಿಯಾದರೋ 784 ಪೌಂಡು. ಹೆಸರೊಂದೇ, ಭಾರ ಬೇರೆ ಬೇರೆ. ಲೆಕ್ಕ ಬಲ್ಲವನಿಗೆ ಇದು ಲಾಭ, ಬಾರದವನಿಗೆ ನಷ್ಟ.

1939ರ ಶಾಸನವು ತೊಲ, ಸೇರು, ಮಣಗಳಿಗೆ ಒಂದೇ ಪ್ರಮಾಣವನ್ನು ಗೊತ್ತುಪಡಿಸಿತು. ಆದರೂ ಗೊಂದಲ ಪೂರ್ತಿ ಅಳಿಯಲಿಲ್ಲ. ಹುಬ್ಬಳ್ಳಿ-ಧಾರವಾಡದ ಸೀಮೆಯು ಮುಂಬಯಿ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರಿಗೆ ಸೇರಿದ 1956ನೆಯ ಇಸವಿಯಲ್ಲಿಯೇ ಭಾರತದ ಸಂಸತ್ತು ಮೆಟ್ರಿಕ್ ತೂಕ-ಅಳತೆಗಳ ಶಾಸನವನ್ನು ಅಂಗೀಕರಿಸಿತು. 1957ರ ಏಪ್ರಿಲ್ 1ರಂದು ನಯೇ ಪೈಸೆ ಬಂದಿತು. 1958ರ ಅಕ್ಟೋಬರ್ 1ರಿಂದ ಕೆಲವೆಡೆ ಕಿಲೋಗ್ರಾಂ ಕಾಲಿಟ್ಟಿತು. 1962ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಮೆಟ್ರಿಕ್ ತೂಕವೇ ಕಡ್ಡಾಯವಾಯಿತು.

ಹೊಸ ಪದ್ಧತಿಯ ಸೊಗಸು ಯಾವುದರಲ್ಲಿದೆ? ಹತ್ತು ಎಂಬ ಒಂದೇ ಸಂಖ್ಯೆಯಲ್ಲಿ. 1000 ಮಿಲಿಗ್ರಾಂ ಕೂಡಿದರೆ ಒಂದು ಗ್ರಾಂ, 1000 ಗ್ರಾಂ ಕೂಡಿದರೆ ಒಂದು ಕಿಲೋ, 100 ಕಿಲೋ ಒಂದು ಕ್ವಿಂಟಲ್, 10 ಕ್ವಿಂಟಲ್ ಒಂದು ಟನ್ನು. ಹಳೆಯ ಲೆಕ್ಕದಲ್ಲಿ 5 ತೊಲಕ್ಕೆ ಛಟಾಕು, 16 ಛಟಾಕಿಗೆ ಸೇರು, 40 ಸೇರಿಗೆ ಮಣ. 3 ಮಣ 17 ಸೇರು 6 ಛಟಾಕನ್ನು ತೊಲಕ್ಕೆ ಇಳಿಸಬೇಕಾದರೆ ನಲವತ್ತರಿಂದ ಗುಣಿಸಿ, ಹದಿನೇಳು ಕೂಡಿಸಿ, ಎಂಬತ್ತರಿಂದ ಗುಣಿಸಿ, ಮತ್ತೆ ಮೂವತ್ತು ಕೂಡಿಸಬೇಕು. ಆಗ 10,990 ಬರುತ್ತದೆ. ಅದೇ 3 ಕ್ವಿಂಟಲ್ 45 ಕಿಲೋ 250 ಗ್ರಾಂ ಎಂದರೆ 345.250 ಕಿಲೋ, ಬಿಂದುವನ್ನು ಮೂರು ಸ್ಥಾನ ಬಲಕ್ಕೆ ಸರಿಸಿದರೆ 3,45,250 ಗ್ರಾಂ. ಗುಣಾಕಾರವೇ ಬೇಡ.

ಈ ದಶಮಾನ ಪರಕೀಯವೆಂದು ಬಗೆಯಬೇಕಾಗಿಲ್ಲ. ಗ್ರಾಮನ್ನು 1795ರಲ್ಲಿ ಗೊತ್ತುಪಡಿಸಿದವರು ಫ್ರೆಂಚರು, ನಿಜ. ಆದರೆ ಸ್ಥಾನಕ್ಕೆ ತಕ್ಕಂತೆ ಅಂಕಿಯ ಬೆಲೆ ಹತ್ತು ಪಟ್ಟು ಏರುವ ಕ್ರಮ ನಮ್ಮ ದೇಶದ್ದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಹೇಳಿದ್ದಾನೆ. ಅದೇ ಗ್ರಂಥದಲ್ಲಿ ಧಾನ್ಯ, ಬಂಗಾರ, ಬೆಳ್ಳಿಗಳಿಗೆ ಬೇರೆ ಬೇರೆ ಮಾನಗಳೂ ಇವೆ. ಅಂಕಿಗೆ ಹತ್ತರ ಕ್ರಮ ಅಂದೇ ಇದ್ದಿತು. ತಕ್ಕಡಿಗೆ ಅದು ಬರಲು ಸಾವಿರ ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು.

ಆದರೆ ಹಳತರಿಂದ ಹೊಸತಕ್ಕೆ ದಾಟುವಾಗ ಎಚ್ಚರ ಬೇಕಾಗಿತ್ತು. ಸೇರು ಎಂದರೆ ಸುಮಾರು 933 ಗ್ರಾಂ. ಮಣ ಎಂದರೆ 37.3242 ಕಿಲೋ. ಕ್ವಿಂಟಲ್ಲಿಗೆ 2 ಮಣ 27 ಸೇರು ಹಿಡಿಸುತ್ತದೆ. ಮಣಕ್ಕೆ 20 ರೂಪಾಯಿ ಧಾರಣೆಯಿದ್ದರೆ ಕ್ವಿಂಟಲ್ಲಿಗೆ 53 ರೂಪಾಯಿ 58 ಪೈಸೆ ಸಲ್ಲಬೇಕು. ‘ಕ್ವಿಂಟಲ್ ಎಂದರೆ ಎರಡೂವರೆ ಮಣ’ ಎಂದು ಬಾಯಿಲೆಕ್ಕ ಹಾಕಿ 50 ರೂಪಾಯಿ ಕೊಟ್ಟರೆ, ಮಾಲು ಕೊಟ್ಟವನಿಗೆ ಮೂರೂವರೆ ರೂಪಾಯಿಗೂ ಹೆಚ್ಚು ಖೋತಾ. ತಕ್ಕಡಿ ಸರಿಯಿದ್ದರೂ ಲೆಕ್ಕ ತಪ್ಪಿದರೆ ಅನ್ಯಾಯವೇ.

ಇಂದು ಪೇಟೆಯ ಧಾರಣೆ ಕ್ವಿಂಟಲ್ಲಿನಲ್ಲಿದೆ. ಅರಳೆಯ ವ್ಯಾಪಾರದಲ್ಲಿ ಮಾತ್ರ ಖಂಡಿ ಅಳಿದಿಲ್ಲ. ಆ 784 ಪೌಂಡೇ ಈಗ 356 ಕಿಲೋ ಎನಿಸಿದೆ. ಬಂಗಾರದ ಮಾತಿನಲ್ಲಿ ತೊಲವೂ ಉಳಿದಿದೆ: 11.66 ಗ್ರಾಂ. ಹತ್ತು ಗ್ರಾಮಿನ ದರವನ್ನೇ ತೊಲದ ದರವೆಂದು ತಿಳಿಯುವವರು ಇದನ್ನು ಲಕ್ಷ್ಯದಲ್ಲಿಡಬೇಕು.

1889ರಿಂದ ಪ್ಯಾರಿಸಿನ ಬಳಿ ಕಾಪಾಡಿದ ಲೋಹದ ಬೊಟ್ಟೊಂದು ಜಗತ್ತಿನ ಕಿಲೋಗೆ ಪ್ರಮಾಣವಾಗಿತ್ತು. ಅದರ 57ನೆಯ ಪ್ರತಿ ಭಾರತದ್ದು. 2019ರ ಮೇ 20ರಿಂದ ಆ ಬೊಟ್ಟಿನ ಅಧಿಕಾರ ಮುಗಿದು, ನಿಸರ್ಗದ ಒಂದು ಸ್ಥಿರಾಂಕವೇ ಪ್ರಮಾಣವಾಗಿದೆ. ಕಿಲೋವನ್ನು ಇನ್ನು ಯಾರೂ ಸವೆಸಲಾರರು. ಕೊಡುವವನೂ ಕೊಳ್ಳುವವನೂ ಅದರ ಲೆಕ್ಕವನ್ನು ತಾವೇ ಮಾಡಬಲ್ಲವರಾದರೆ, ಆ ಪ್ರಮಾಣದ ಫಲ ಪೇಟೆಯ ಕಟ್ಟಕಡೆಯ ತಕ್ಕಡಿಗೂ ಮುಟ್ಟೀತು.