ಸಾರಾ: ಒಂದು ಹೆಸರಿನ ಕಥೆ

ಸಾರಾ ಎಂಬ ಹೆಸರು ನಮಗೆ ಅಪರಿಚಿತವಲ್ಲ. ನಮ್ಮ ಕ್ರೈಸ್ತರ ಮನೆಗಳಲ್ಲಿಯೂ ಮುಸಲ್ಮಾನರ ಮನೆಗಳಲ್ಲಿಯೂ ಅದನ್ನು ಕೇಳಿದ್ದೇವೆ. ಕೇಳಿದೊಡನೆ ತಿರುಳು ಎಂಬರ್ಥದ ಸಂಸ್ಕೃತ ಶಬ್ದ ನೆನಪಾಗುತ್ತದೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಅದು ಕಿವಿಯ ಭ್ರಮೆ. ಹೀಬ್ರೂ ಭಾಷೆಯಲ್ಲಿ 'ಸರ್' ಎಂದರೆ ಅಧಿಪತಿ. ಇಂದಿನ ಇಸ್ರೇಲಿನಲ್ಲಿ ಮಂತ್ರಿಗೂ ಅದೇ ಮಾತು. ಅದರ ಸ್ತ್ರೀಲಿಂಗ ರೂಪವೇ ಸಾರಾ, ಎಂದರೆ ಒಡತಿ, ಅರಸುಮನೆತನದ ಹೆಣ್ಣು. ಹೀಬ್ರೂವಿನ ಬಳಗಕ್ಕೆ ಸೇರಿದ ಪ್ರಾಚೀನ ಅಕ್ಕಾಡಿಯನ್ನಿನಲ್ಲಿ 'ಶರ್ರತು' ಎಂದರೆ ರಾಣಿ.

ಬೈಬಲಿನ ಆದಿಕಾಂಡದಲ್ಲಿ ಅಬ್ರಹಾಮನ ಮಡದಿಯ ಮೊದಲ ಹೆಸರು ಸಾರಯ. ದೇವರೇ ಅದನ್ನು ಸಾರಾ ಎಂದು ಮಾರ್ಪಡಿಸಿ, ಜನಾಂಗಗಳಿಗೆ ತಾಯಿಯಾಗುವಳೆಂದು ಹರಸುತ್ತಾನೆ. ತೊಂಬತ್ತರ ಆ ಮುದುಕಿ ತನಗೆ ಮಗುವಾಗುವುದೆಂಬ ಮಾತಿಗೆ ಒಳಗೊಳಗೇ ನಕ್ಕಳಂತೆ. ಹುಟ್ಟಿದ ಮಗ ಇಸಾಕ. ಆ ಹೆಸರಿನ ಅರ್ಥವೇ 'ನಗುತ್ತಾನೆ' ಎಂದು. ಆಶೀರ್ವಾದವೂ ನಗೆಯೂ ಕೂಡಿದ ಇಂಥ ಹೆಸರನ್ನು ದಂಡನೆಯಾಗಿ ಬಳಸಬಹುದೆಂದು ಯಾರಿಗೆ ತೋಚೀತು?

ಜರ್ಮನಿಯ ನಾಜಿ ಸರಕಾರಕ್ಕೆ ತೋಚಿತು. 1938ರ ಆಗಸ್ಟ್ 17ರಂದು ಹೊರಟ ಆಜ್ಞೆಯ ಪ್ರಕಾರ, ಸರಕಾರ ಒಪ್ಪಿದ ಪಟ್ಟಿಯಲ್ಲಿಲ್ಲದ ಹೆಸರುಳ್ಳ ಯೆಹೂದಿ ಸ್ತ್ರೀಯರೆಲ್ಲರೂ 1939ರ ಜನವರಿ 1ರಿಂದ ತಮ್ಮ ಹೆಸರಿನೊಡನೆ ಸಾರಾ ಎಂದು ಸೇರಿಸಿಕೊಳ್ಳಬೇಕಾಯಿತು. ಗಂಡಸರು ಇಸ್ರೇಲ್ ಎಂದು. ವ್ಯವಹಾರದ ಕಾಗದಪತ್ರಗಳಲ್ಲಿ ಅದನ್ನು ಬಿಟ್ಟರೆ ಶಿಕ್ಷೆ. ವಿನೋದವೆಂದರೆ, ಜರ್ಮನರು ಅಕ್ಕರೆಯಿಂದ ಇಟ್ಟುಕೊಳ್ಳುತ್ತಿದ್ದ ಆನ್ನಾ, ಎಲಿಸಬೆತ್, ಯೋಹಾನ್ ಎಲ್ಲವೂ ಮೂಲದಲ್ಲಿ ಹೀಬ್ರೂ ಹೆಸರುಗಳೇ!

ಹಾಗೆ ಸಾರಾ ಆದವರಲ್ಲಿ ಬರ್ಲಿನ್ನಿನ ಒಬ್ಬ ಕವಯಿತ್ರಿಯೂ ಇದ್ದಳು. 1894ರಲ್ಲಿ ಹುಟ್ಟಿದ ಅವಳ ಮನೆತನದ ಹೆಸರು ಹೊಡ್ಜೀಸ್ನರ್. ಹೊಡ್ಜೀಶ್ ಎಂಬ ಪೋಲಿಷ್ ಪಟ್ಟಣದಿಂದ ಬಂದದ್ದು ಅದು. ಅದೇ ಪಟ್ಟಣದ ಜರ್ಮನ್ ಹೆಸರಾದ ಕೋಲ್ಮಾರ್ ಅವಳ ಕಾವ್ಯನಾಮವಾಯಿತು: ಗೆರ್ಟ್ರೂಡ್ ಕೋಲ್ಮಾರ್. 1938ರಲ್ಲಿ ಅವಳ ಕವನಸಂಗ್ರಹವೊಂದು ಹೊರಬಂದಾಗ ಆ ಕಾವ್ಯನಾಮಕ್ಕೆ ಅವಕಾಶವಿರಲಿಲ್ಲ. ಮನೆತನದ ಹೆಸರಿನಲ್ಲಿಯೇ ಅಚ್ಚಾಯಿತು. ಆ ನವೆಂಬರಿನ ಗಲಭೆಗಳ ತರುವಾಯ ಪ್ರತಿಗಳನ್ನು ನಾಶಮಾಡಿದರು. ಮುಂದೆ ಅವಳನ್ನು ಕಾರ್ಖಾನೆಯ ಬಲವಂತದ ದುಡಿಮೆಗೆ ಹಚ್ಚಿದರು. ಕವಿಯ ಹೆಸರು ಹೋಯಿತು. ಸರಕಾರ ಕೊಟ್ಟ ರಾಣಿಯ ಹೆಸರು ಮಾತ್ರ ಕಾಗದಗಳಲ್ಲಿ ಉಳಿಯಿತು.

1943ರ ಮಾರ್ಚ್ 2ರಂದು ಅವಳನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಅವಳು ಮರಳಲಿಲ್ಲ. ಹಸ್ತಪ್ರತಿಗಳು ಆಪ್ತರ ಬಳಿ ಉಳಿದಿದ್ದವು. 1947ರಲ್ಲಿ ಬರ್ಲಿನ್ನಿನಿಂದಲೇ ಅವಳ ಇನ್ನೊಂದು ಕವನಸಂಗ್ರಹ ಪ್ರಕಟವಾಯಿತು. ಅದರ ಮೇಲೆ ಅಚ್ಚಾದ ಹೆಸರು ಗೆರ್ಟ್ರೂಡ್ ಕೋಲ್ಮಾರ್.