ಬೆಣ್ಣೆ, ತೂಕ ಮತ್ತು ಉಸಿರು: ಒಂದು ಪಥ್ಯದ ಇತಿಹಾಸ

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದ ಹೆಸರನ್ನು ನೀವು ಜೀವಶಾಸ್ತ್ರದ ತರಗತಿಯಲ್ಲಿ ಕೇಳಿರಬಹುದು. ಯೂರೋಪ್ ಮೂಲದ ಜನರಲ್ಲಿ ಇದು ಹೆಚ್ಚು. ಈ ರೋಗಿಗಳ ಜೀವಕೋಶಗಳ ಪೊರೆಯಲ್ಲಿ ಕ್ಲೋರೈಡ್ ಅಯಾನುಗಳು ಹಾದುಹೋಗುವ ದ್ವಾರ ಕೆಟ್ಟಿರುತ್ತದೆ. ಇದರಿಂದ ಲೋಳೆ ಗಟ್ಟಿಯಾಗಿ, ಅಂಟಾಗಿ, ಶ್ವಾಸನಾಳಗಳಲ್ಲಿ ಕಟ್ಟಿಕೊಂಡು ಸೋಂಕಿಗೆ ನೆಲೆಯಾಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳೂ ಮುಚ್ಚಿಹೋಗಿ, ಕೊಬ್ಬನ್ನು ಜೀರ್ಣಿಸುವ ಕಿಣ್ವಗಳು ಕರುಳನ್ನು ತಲುಪುವುದಿಲ್ಲ.

1938ರಲ್ಲಿ ನ್ಯೂಯಾರ್ಕಿನ ರೋಗಶಾಸ್ತ್ರಜ್ಞೆ ಡೊರೊತಿ ಆಂಡರ್ಸನ್ ಈ ರೋಗವನ್ನು ವಿವರವಾಗಿ ದಾಖಲಿಸಿದರು. ಆಗ ಹೆಚ್ಚಿನ ರೋಗಿಗಳು ಎಳವೆಯಲ್ಲೇ ಸಾಯುತ್ತಿದ್ದರು. ತಿಂದ ಕೊಬ್ಬು ಮಲದಲ್ಲಿ ಹೋಗಿಬಿಡುತ್ತಿದ್ದುದರಿಂದ, ಜಿಡ್ಡು ಕಡಿಮೆ ಇರುವ ಆಹಾರವೇ ಪಥ್ಯವೆಂದಾಯಿತು.

ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಭೌತಶಾಸ್ತ್ರದವನಾದ ನನಗೆ ಶಕ್ತಿಯ ಲೆಕ್ಕ ನೋಡದೆ ಮುಂದುವರಿಯಲಾಗದು. ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೊಕ್ಯಾಲೊರಿ ದೊರೆತರೆ, ಪಿಷ್ಟದಿಂದ ದೊರೆಯುವುದು 4. ಸದಾ ಸೋಂಕಿನೊಡನೆ ಸೆಣಸುತ್ತ, ಕಿರಿದಾದ ನಾಳಗಳಲ್ಲಿ ಗಾಳಿಯನ್ನು ದೂಡಬೇಕಾದ ದೇಹಕ್ಕೆ ಸಾಮಾನ್ಯರಿಗಿಂತ ಹೆಚ್ಚು ಶಕ್ತಿ ಬೇಕು. (ಗಾಳಿ ಸುಳಿಯಿಲ್ಲದೆ ಹರಿಯುವಲ್ಲಿ, ನಾಳದ ತ್ರಿಜ್ಯ ಅರ್ಧವಾದರೆ ರೋಧ 16 ಪಟ್ಟಾಗುವುದನ್ನು ನೆನಪಿಸಿಕೊಳ್ಳಿ.) ಖರ್ಚು ಏರಿದ ಹೊತ್ತಿನಲ್ಲೇ ಆದಾಯಕ್ಕೆ ಕತ್ತರಿ! ಕೊರತೆಯನ್ನು ದೇಹ ತನ್ನ ಸ್ನಾಯುಗಳಿಂದಲೇ ತುಂಬಿಕೊಳ್ಳುತ್ತದೆ. ಉಸಿರಾಡಿಸುವ ವಪೆಯೂ ಸ್ನಾಯುವೇ ಅಲ್ಲವೆ?

1970ರ ದಶಕದಲ್ಲಿ ಟೊರಾಂಟೊದ ಮಕ್ಕಳ ಆಸ್ಪತ್ರೆಯ ಡಾ. ಡಗ್ಲಾಸ್ ಕ್ರೋಜಿಯರ್ ಈ ಪಥ್ಯವನ್ನು ತಲೆಕೆಳಗು ಮಾಡಿದರು. ಬೆಣ್ಣೆ, ಮೊಟ್ಟೆ, ಕೆನೆಹಾಲು ಧಾರಾಳ. ಜೊತೆಗೆ ಪ್ರತಿ ಊಟಕ್ಕೂ ಕಿಣ್ವದ ಮಾತ್ರೆಗಳು. ಅದೇ ಕಾಲದಲ್ಲಿ ಬಾಸ್ಟನ್ ಚಿಕಿತ್ಸಾಲಯದಲ್ಲಿ ಹಳೆಯ ಪಥ್ಯವೇ ನಡೆದಿತ್ತು. 1988ರಲ್ಲಿ ಮೇರಿ ಕೋರಿ ಮತ್ತು ಸಂಗಡಿಗರು ಎರಡೂ ಕಡೆಯ ಸುಮಾರು 500 - 500 ರೋಗಿಗಳ ದಾಖಲೆಗಳನ್ನು ಹೋಲಿಸಿದರು. ಬದುಕಿನ ಮಧ್ಯಾಂಕ ಬಾಸ್ಟನ್ನಿನಲ್ಲಿ 21 ವರ್ಷ, ಟೊರಾಂಟೊದಲ್ಲಿ 30! ಟೊರಾಂಟೊದವರು ಹೆಚ್ಚು ಎತ್ತರವಿದ್ದರು. ಆದರೆ ಶ್ವಾಸಕೋಶದ ಸಾಮರ್ಥ್ಯ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಇದು ನಿಯಂತ್ರಿತ ಪ್ರಯೋಗವಲ್ಲ, ಬೇರೆ ಕಾರಣಗಳೂ ಅಡಗಿರಬಹುದು ಎಂದು ವಿದ್ಯಾರ್ಥಿಗಳು ಆಕ್ಷೇಪಿಸಿದರೆ ಅವರಿಗೆ ಪೂರ್ಣ ಅಂಕ ಕೊಡಿ. ಆದರೂ ಜಿಡ್ಡಿನ ಆಹಾರ ಎಲ್ಲೆಡೆ ರೂಢಿಗೆ ಬಂತು.

ಕಸಿಯ ಕಥೆಯೂ ಟೊರಾಂಟೊಗೇ ಸೇರಿದೆ. 1983ರಲ್ಲಿ ಅಲ್ಲಿನ ಜೋಯಲ್ ಕೂಪರ್ ತಂಡ ಒಂದು ಶ್ವಾಸಕೋಶವನ್ನು, 1986ರಲ್ಲಿ ಎರಡನ್ನೂ, ಬೇರೆ ಕಾಯಿಲೆಗಳ ರೋಗಿಗಳಿಗೆ ಯಶಸ್ವಿಯಾಗಿ ಕಸಿ ಮಾಡಿತು. ನಮ್ಮ ರೋಗಿಗೆ ಎರಡನ್ನೂ ಬದಲಿಸಲೇಬೇಕು. ಉಳಿದ ಹಳೆಯದು ಹೊಸದಕ್ಕೆ ಸೋಂಕು ಹಚ್ಚುತ್ತದೆ. ಕಸಿ ಯಾವಾಗ? ಒಂದು ಸೆಕೆಂಡಿನಲ್ಲಿ ಬಲವಾಗಿ ಊದಿ ಹೊರದೂಡುವ ಗಾಳಿಯ ಗಾತ್ರ ನಿರೀಕ್ಷಿತ ಮೌಲ್ಯದ ಶೇ. 30ಕ್ಕಿಂತ ಇಳಿದರೆ, ಎರಡು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಸಾಯುತ್ತಾರೆಂದು 1992ರಲ್ಲಿ ಟೊರಾಂಟೊದಿಂದಲೇ ವರದಿ ಬಂತು. ಇದು ಬಹುಕಾಲ ಅಳತೆಗೋಲಾಗಿತ್ತು. ಆದರೆ ತೂಕ ತೀರ ಕಡಿಮೆಯಿದ್ದವರು ಕಸಿಯ ನಂತರ ಸಾಯುವ ಸಂಭವ ಹೆಚ್ಚೆಂದೂ ಕ್ರಮೇಣ ತಿಳಿಯಿತು.

ಹೊಸ ಶ್ವಾಸಕೋಶದಲ್ಲಿರುವುದು ದಾನಿಯ ಜೀನು, ಆದ್ದರಿಂದ ಅದಕ್ಕೆ ಈ ರೋಗ ಬಾರದು. ಮೇದೋಜೀರಕವಾದರೋ ಹಳೆಯದೇ! ಹಾಗಾಗಿ ಕಿಣ್ವದ ಮಾತ್ರೆ ತಪ್ಪುವುದಿಲ್ಲ. ದೇಹವು ಕಸಿಯನ್ನು ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್ ಕೊಬ್ಬಿನಲ್ಲಿ ಕರಗುವ ಔಷಧ. ಜಿಡ್ಡು ಜೀರ್ಣವಾಗದಿದ್ದರೆ ಅದೂ ರಕ್ತಕ್ಕೆ ಸರಿಯಾಗಿ ಸೇರದು; ಔಷಧದ ಮಟ್ಟ ಇಳಿದರೆ ತಿರಸ್ಕಾರ ಆರಂಭವಾಗಿ ಉಸಿರಿನ ಅಳತೆ ಕುಸಿಯಬಹುದು. ಜೊತೆಗೆ ಕೊಡುವ ಸ್ಟೀರಾಯ್ಡುಗಳಿಂದ ಮಧುಮೇಹದ ಕಾಟವೂ ಹೆಚ್ಚುತ್ತದೆ.

2019ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮೂರು ಔಷಧಗಳ ಸಂಯೋಜನೆಯೊಂದಕ್ಕೆ ಒಪ್ಪಿಗೆ ದೊರೆಯಿತು. ಅದು ಕ್ಲೋರೈಡ್ ದ್ವಾರವನ್ನೇ ಸರಿಪಡಿಸುತ್ತದೆ. ಅಲ್ಲಿ ಈ ರೋಗಕ್ಕಾಗಿ ನಡೆಯುವ ಕಸಿಗಳು ಬಹಳ ಇಳಿದಿವೆ. ಬೊಜ್ಜು ಬರುತ್ತಿರುವುದರಿಂದ ಬೆಣ್ಣೆಯ ಪಥ್ಯವನ್ನು ಆಹಾರತಜ್ಞರು ಮತ್ತೆ ತೂಗಿ ನೋಡುತ್ತಿದ್ದಾರೆ. ಆ ಔಷಧ ಹಿಡಿಸದ ಜೀನುದೋಷ ಉಳ್ಳವರು ಮಾತ್ರ ಕಸಿಯ ಪಟ್ಟಿಗೆ ಸೇರುವ ಮುನ್ನ ಇಂದಿಗೂ ತೂಕ ಹೆಚ್ಚಿಸಿಕೊಳ್ಳಲು ಹೆಣಗಬೇಕಾಗಿದೆ.