ಕನಸಿನ ಕಾವ್ಯ, ಚಿತ್ರವಿಲ್ಲದ ಓಲೆ

ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವು 1869ರಲ್ಲಿ ರೂಪುಗೊಂಡದ್ದು ಮೆಕೆಂಜಿ, ಲೇಡನ್, ಸಿ. ಪಿ. ಬ್ರೌನ್ ಇವರ ಸಂಗ್ರಹಗಳ ತಳಹದಿಯ ಮೇಲೆ. ಅಲ್ಲಿ ಕನ್ನಡದ ಓಲೆಕಟ್ಟುಗಳೂ ಇವೆ. ಕಂಟದಿಂದ ಕೊರೆದು, ಮಸಿ ತುಂಬಿ ಒರೆಸಿದ ಅಕ್ಷರಗಳೇ ಸಾಮಾನ್ಯವಾಗಿ ಓಲೆಗರಿಯ ಸರ್ವಸ್ವ. ಬಣ್ಣಕ್ಕೆ ಅಲ್ಲಿ ಎಡೆಯಿಲ್ಲ.

ಇದಕ್ಕೆ ಎದುರಾಗಿ ಫ್ರೆಂಚಿನ ‘ರೋಮಾನ್ ದ ಲ ರೋಸ್’ ಕಾವ್ಯವನ್ನು ಇಡಬಹುದು. ಗಿಯೋಮ್ ದ ಲೋರಿಸ್ ಸುಮಾರು 1230ರಲ್ಲಿ ಆರಂಭಿಸಿದ ಅದನ್ನು ಸುಮಾರು ನಾಲ್ಕು ದಶಕಗಳ ಬಳಿಕ ಜಾನ್ ದ ಮನ್ ಮುಗಿಸಿದನು. ತರುಣನೊಬ್ಬ ಕನಸಿನಲ್ಲಿ ಉದ್ಯಾನವನ್ನು ಹೊಕ್ಕು ಗುಲಾಬಿ ಮೊಗ್ಗೊಂದಕ್ಕೆ ಮನಸೋಲುವ ಕಥೆ. ಉಳಿದಿರುವ ಪ್ರತಿಗಳು ಸುಮಾರು 300, ಅನೇಕವು ಸಚಿತ್ರ. ಮೊದಲ ಪುಟದಲ್ಲಿ ಹಾಸಿಗೆಯ ಮೇಲೆ ಮಲಗಿದ ಕನಸುಗಾರನನ್ನು ಬರೆಯುವುದು ವಾಡಿಕೆಯೇ ಆಗಿತ್ತು. 14ನೆಯ ಶತಮಾನದ ಒಂದು ಪ್ರತಿಯ ಅಂಚಿನಲ್ಲಿ ಗಂಡಹೆಂಡಿರಿಬ್ಬರು ಕೆಲಸದಲ್ಲಿ ಮಗ್ನರಾಗಿದ್ದಾರೆ. ಅವರು ಪ್ಯಾರಿಸ್ಸಿನ ಚಿತ್ರಕಾರ ದಂಪತಿ ರಿಷಾರ್ ಮತ್ತು ಜಾನ್ ದ ಮೋಂಬಾಸ್ತೋನ್ ಎಂಬುದು ವಿದ್ವಾಂಸರ ಅಭಿಪ್ರಾಯ.

ಇದಕ್ಕೂ ಆರು ದಶಕಗಳಷ್ಟು ಹಿಂದೆಯೇ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ ಬಂದಿತ್ತು. ಜಯಂತೀಪುರದ, ಎಂದರೆ ಬನವಾಸಿಯ, ರಾಜಕುಮಾರ ಕಂದರ್ಪದೇವನು ಕಂಡರಿಯದ ಕನ್ಯೆಯನ್ನು ಕನಸಿನಲ್ಲಿ ಕಾಣುತ್ತಾನೆ. ಲೀಲಾವತಿಯೂ ಅವನನ್ನು ಕನಸಿನಲ್ಲೇ ಕಾಣುತ್ತಾಳೆ. ಗೆಳೆಯ ಮಕರಂದನೊಡನೆ ಅವನು ಆಕೆಯನ್ನು ಅರಸಿ ಹೊರಡುತ್ತಾನೆ. ಚಿತ್ರಕಾರನ ಕುಂಚಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಆದರೂ ಇಂಥ ಕಾವ್ಯಗಳನ್ನು ಚಿತ್ರಿಸುವ ಪರಂಪರೆ ನಮ್ಮಲ್ಲಿ ಬೆಳೆಯಲಿಲ್ಲ.

ಓಲೆ ಕಿರಿದು, ಅದರ ಮೇಲೆ ಬಣ್ಣ ನಿಲ್ಲದು ಎಂಬ ಸಮಾಧಾನ ನನಗೆ ಒಪ್ಪಿಗೆಯಲ್ಲ. ಮೂಡುಬಿದಿರೆಯ ಧವಲಾ ಗ್ರಂಥಗಳು ಹೊಯ್ಸಳರ ಕಾಲದ ಓಲೆಪ್ರತಿಗಳು, ಲಿಪಿ ಹಳಗನ್ನಡದ್ದು. ಅವುಗಳಲ್ಲಿ ಶಾಯಿಯ ಅಕ್ಷರಗಳ ನಡುವೆ ಜಿನರು, ಯಕ್ಷಯಕ್ಷಿಯರು, ಭಕ್ತರು ಇಂದಿಗೂ ಬಣ್ಣಬಣ್ಣವಾಗಿ ಕಾಣುತ್ತಾರೆ. ಕೌಶಲವಿತ್ತು, ಬಣ್ಣವಿತ್ತು. ಶಾಸ್ತ್ರದಾನವು ಪುಣ್ಯಕಾರ್ಯವಾದ್ದರಿಂದ ದಾನಿಗಳ ಹಣ ಆಗಮದ ಕಡೆಗೆ ಹರಿಯಿತು. ಪ್ರೇಮಕಥೆಯ ಪ್ರತಿಗೆ ಬಣ್ಣ ತುಂಬಿಸಿದರೆ ಯಾವ ಪುಣ್ಯ?

ಹೀಗಾಗಿ ಕುಂಚದ ಕೆಲಸವೂ ಕವಿಯ ಹೆಗಲೇರಿತು. ನಗರ, ಸಮುದ್ರ, ಋತು, ಚಂದ್ರೋದಯ ಎಂದು ಸಾಗುವ ಅಷ್ಟಾದಶ ವರ್ಣನೆಗಳನ್ನು ಕಥೆಯ ಓಟಕ್ಕೆ ಅಡ್ಡಿಯೆಂದು ನಾವು ಹಾರಿಸಿ ಓದುತ್ತೇವೆ. ನೇಮಿಚಂದ್ರನ ಮೇಲೆ ಈ ದೂರು ಹಳೆಯದು. ಆ ವರ್ಣನೆಗಳನ್ನು ಬಿಟ್ಟರೆ ಫ್ರೆಂಚ್ ಪ್ರತಿಯ ಚಿತ್ರಗಳನ್ನು ಕತ್ತರಿಸಿ ತೆಗೆದಷ್ಟೇ ನಷ್ಟ. ಇನ್ನು ಲಿಪಿಕಾರ: ಮೋಂಬಾಸ್ತೋನ್ ದಂಪತಿಯಂತೆ ಅವನಿಗೆ ಅಂಚಿನಲ್ಲಿ ಮುಖವಿಲ್ಲ. ಕೊನೆಯ ಗರಿಯಲ್ಲಿ ಸಂವತ್ಸರ, ತಿಥಿ, ತಪ್ಪಿದ್ದರೆ ತಿದ್ದಿಕೊಳ್ಳಿರೆಂಬ ಬಿನ್ನಹ, ಅದೃಷ್ಟವಿದ್ದರೆ ಒಂದು ಹೆಸರು.